ಕೆಳಸಾಲಿನ ಬೆನ್ನು

ಚಳಿಗಾಲದ ಸಂಜೆ ವಿರೂಪಾಪುರಗಡ್ಡೆಯ ಕಡೆ ಹೋದರೆ ಬಂಡೆಗಳ ನಡುವೆ ಒಂದು ದೃಶ್ಯ ಆಗಾಗ ಕಣ್ಣಿಗೆ ಬೀಳುತ್ತದೆ. ಒಬ್ಬರು ಹಗ್ಗವಿಲ್ಲದೆ, ಬೆರಳಿಗೆ ಬಿಳಿ ಪುಡಿ ಹಚ್ಚಿಕೊಂಡು, ಆನೆಯೆತ್ತರದ ಗುಂಡೊಂದನ್ನು ಹತ್ತುತ್ತಿರುತ್ತಾರೆ. ಕೆಳಗೆ, ಬೆನ್ನಿಗೆ ಹೊತ್ತು ತಂದು ಬಿಡಿಸಿದ ದಪ್ಪನೆಯ ಹಾಸು. ಅದರ ಪಕ್ಕದಲ್ಲಿ ಇನ್ನೊಬ್ಬರು ಎರಡೂ ಕೈ ಎತ್ತಿ, ಮಳೆ ಬೇಡುವವರ ಹಾಗೆ ನಿಂತಿರುತ್ತಾರೆ. ಫೋಟೊ ತೆಗೆಯುವವರೆಲ್ಲ ಹತ್ತುವವರದ್ದೇ ತೆಗೆಯುತ್ತಾರೆ.

ಹಂಪಿಯ ವಿರೂಪಾಕ್ಷ ಗುಡಿಯ ಎದುರಿಗೆ ಹೊಳೆ ದಾಟಿದರೆ ಸಿಗುವ ಈ ನಡುಗಡ್ಡೆ ಗಂಗಾವತಿ ತಾಲೂಕಿಗೆ ಸೇರಿದ್ದು. ಒಂದು ಕಾಲಕ್ಕೆ ಇಲ್ಲಿ ಸಾಲುಸಾಲು ರೆಸಾರ್ಟುಗಳಿದ್ದವು. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರ ಮಾರ್ಚಿನಲ್ಲಿ ಅವನ್ನು ಕೆಡವಿದರು. ಅಮೆರಿಕದ ಕ್ರಿಸ್ ಶರ್ಮಾ ಈ ಸೀಮೆಯ ಬಂಡೆಗಳನ್ನು ಹತ್ತಿದ ಚಿತ್ರವೊಂದು 2003ರಲ್ಲಿ ಬಂದ ಮೇಲೆ ಬಂಡೆ ಹತ್ತುವವರಿಗೆ ಹಂಪಿ ಹೆಸರುವಾಸಿ. ಅವರನ್ನು ನೋಡಿ ನೋಡಿ ಇಲ್ಲಿನ ಹುಡುಗರೂ ಕಲಿತಿದ್ದಾರೆ. ಹಾಗೆ ಕೈಯೆತ್ತಿ ನಿಂತಿದ್ದ ಒಬ್ಬ ಹುಡುಗನನ್ನು, 'ಬಿದ್ದರೆ ಹಿಡಿಯುತ್ತೀಯೇನಪ್ಪಾ?' ಎಂದು ಕೇಳಿದೆ. ಕಣ್ಣನ್ನು ಮೇಲಿನವನ ಸೊಂಟದಿಂದ ಕೀಳದೆಯೇ ಹೇಳಿದ: "ಬೀಳೋರನ್ನ ಹಿಡಿಯಾಕ ಆಗಂಗಿಲ್ರಿ ಮೇಡಂ, ನಾವೂ ಅವ್ರ ಕೂಡ ಬೀಳ್ತೀವಿ. ತೆಲಿ ಕಲ್ಲಿಗೆ ಬಡೀಬಾರ್ದು, ಮೈ ಹಾಸಿನ ಮ್ಯಾಲ ಬೀಳ್ಬೇಕು. ಅಷ್ಟ ನೋಡೂದು."

ಅವತ್ತು ಹೊಳೆ ದಾಟಿ ಹಾಸ್ಟೆಲ್ಲಿಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ನನ್ನ ಪಿಎಚ್‌.ಡಿ. ವಿಷಯಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ. ಸಂಬಂಧ ಇರುವುದು 2011ರ ಆಗಸ್ಟಿಗೆ.

ಆಗ ನಾನು ಎಂಟನೇ ತರಗತಿ. ಸ್ವಾತಂತ್ರ್ಯ ದಿನಕ್ಕೆ ತಾಲೂಕು ಕ್ರೀಡಾಂಗಣದಲ್ಲಿ ತಹಶೀಲ್ದಾರರು ಬಾವುಟ ಹಾರಿಸಿದ ನಂತರ ಶಾಲೆಗಳ ನಡುವೆ ಸಾಂಸ್ಕೃತಿಕ ಕಾರ್ಯಕ್ರಮದ ಸ್ಪರ್ಧೆ. ಇದನ್ನು ನೋಡದ ಕನ್ನಡದ ಮಕ್ಕಳು ಕಡಿಮೆ: ದೇಶಭಕ್ತಿಯ ಒಂದು ಹಾಡು, ಬಣ್ಣದ ರಿಬ್ಬನ್ನು, ಐದು ನಿಮಿಷದ ಕುಣಿತ, ಹಾಡು ಮುಗಿಯುವಾಗ ಪಿರಮಿಡ್ಡು. ನಾವು ಹತ್ತು ಹುಡುಗಿಯರು. ಕೆಳಗೆ ನಾಲ್ವರು ಮಂಡಿಯೂರಿ, ಅವರ ಬೆನ್ನ ಮೇಲೆ ಮೂವರು, ಅದರ ಮೇಲೆ ಇಬ್ಬರು, ತುದಿಯಲ್ಲಿ ಬಾವುಟ ಹಿಡಿದ ಒಬ್ಬಳು. ನಾನು ಕೆಳಸಾಲಿನ ನಡುವಿನ ಇಬ್ಬರಲ್ಲಿ ಒಬ್ಬಳು. ಆಯ್ಕೆಗೆ ಕಾರಣ ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ದಪ್ಪಗಿದ್ದೆ. ತುದಿಯಲ್ಲಿದ್ದವಳು ಹಗುರವಾಗಿದ್ದದ್ದು ನಿಜ. ಎಸ್‌ಡಿಎಂಸಿ ಸದಸ್ಯರ ಮಗಳಾಗಿದ್ದದ್ದೂ ನಿಜ.

ಈಚೆಗೆ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಹತ್ತೂ ಜನರ ತೂಕ ಒಂದೇ ಎಂದುಕೊಳ್ಳೋಣ. ಪ್ರತಿಯೊಬ್ಬರೂ ತಮ್ಮ ತೂಕವನ್ನೂ ತಮ್ಮ ಮೇಲಿನದ್ದನ್ನೂ ಕೆಳಗಿನ ಇಬ್ಬರಿಗೆ ಅರ್ಧರ್ಧ ದಾಟಿಸುತ್ತಾರೆ. ಆಗ ಕೆಳಸಾಲಿನ ಅಂಚಿನವಳ ಬೆನ್ನಿಗೆ ಬರುವುದು ಒಬ್ಬಳಿಗಿಂತ ಕಡಿಮೆ ಭಾರ, ಒಬ್ಬಳ ತೂಕದ 0.875 ಪಾಲು. ನಡುವಿನವಳ ಬೆನ್ನಿಗೆ 2.125 ಪಾಲು, ಅಂದರೆ ಇಬ್ಬರಿಗಿಂತ ಹೆಚ್ಚು. ಒಂದೇ ಸಾಲು, ಒಂದೇ ಭಂಗಿ, ಒಂದೇ ಬಣ್ಣದ ಬಟ್ಟೆ. ಹೊರಗಿನಿಂದ ನೋಡಿದವರಿಗೆ ನಾಲ್ವರೂ ಸಮಾನರೇ.

ಇಂಥದ್ದನ್ನು ದೊಡ್ಡ ಉದ್ಯಮವಾಗಿಯೇ ಬೆಳೆಸಿದ ಒಂದು ಆಟ ಜಗತ್ತಿನಲ್ಲಿದೆ. ಹೆಸರು ಹೇಳಿದರೆ ನಮ್ಮಲ್ಲಿ ಬೇರೆಯದೇ ಚಿತ್ರ ಮೂಡುತ್ತದೆ, ಅದಕ್ಕೇ ಹಿಂಜರಿಕೆ. ಚಿಯರ್‌ಲೀಡಿಂಗ್. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮೊದಲ ಐಪಿಎಲ್ ಪಂದ್ಯ ನಡೆದಾಗ ಅಮೆರಿಕದಿಂದ ಕುಣಿತದ ತಂಡವನ್ನು ಕರೆಸಿದ್ದರು. ಆಮೇಲೆ ನಡೆದ ಚರ್ಚೆಯೆಲ್ಲ ಬಟ್ಟೆಯ ಉದ್ದಳತೆಯದ್ದು. ಅಮೆರಿಕದಲ್ಲಿ ಆರೇಳು ವರ್ಷದ ಮಕ್ಕಳಿಂದ ಹಿಡಿದು ಕಾಲೇಜಿನವರವರೆಗೆ ಪೈಪೋಟಿಯಾಗಿ ಆಡುವ ಚಿಯರ್‌ಲೀಡಿಂಗ್ ಇದಲ್ಲ. ಅಲ್ಲಿ ಯಾರನ್ನೂ ಹುರಿದುಂಬಿಸುವ ಕೆಲಸವಿಲ್ಲ. ಎರಡೂವರೆ ನಿಮಿಷದೊಳಗೆ ಲಾಗ ಹಾಕಬೇಕು, ಒಬ್ಬಳನ್ನು ಗಾಳಿಗೆ ಎಸೆದು ಹಿಡಿಯಬೇಕು, ಮನುಷ್ಯರ ಗೋಪುರ ಕಟ್ಟಬೇಕು. ಮೇಲೆ ಹೋಗುವವಳಿಗೆ 'ಫ್ಲೈಯರ್', ಅಂದರೆ ಹಾರುವವಳು. ಕೆಳಗೆ ಹಿಡಿಯುವವರಿಗೆ 'ಬೇಸ್', ಅಂದರೆ ತಳ. ಒಂದು ಹೆಸರು ಕ್ರಿಯೆಯದ್ದು, ಇನ್ನೊಂದು ಬರೀ ಜಾಗದ್ದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಆಟದ ಜಾಗತಿಕ ಒಕ್ಕೂಟಕ್ಕೆ 2016ರಲ್ಲಿ ತಾತ್ಕಾಲಿಕವಾಗಿ, 2021ರಲ್ಲಿ ಪೂರ್ಣವಾಗಿ ಮಾನ್ಯತೆ ಕೊಟ್ಟಿತು.

ಅದಕ್ಕೂ ಮುಂಚೆ, 2010ರಲ್ಲಿ, ಇದು ಆಟವೇ ಅಲ್ಲವೇ ಎಂಬ ಪ್ರಶ್ನೆ ಅಮೆರಿಕದ ಕೋರ್ಟಿಗೆ ಹೋಗಿತ್ತು. ಕ್ವಿನಿಪಿಯಾಕ್ ಎಂಬ ವಿಶ್ವವಿದ್ಯಾಲಯ ಹೆಣ್ಣುಮಕ್ಕಳ ವಾಲಿಬಾಲ್ ತಂಡವನ್ನು ತೆಗೆದು ಆ ಜಾಗಕ್ಕೆ ಚಿಯರ್ ತಂಡವನ್ನು ತೋರಿಸಹೊರಟಿತ್ತು. ಇದು ಇನ್ನೂ ಆಟವೆನ್ನಿಸಿಕೊಳ್ಳುವಷ್ಟು ವ್ಯವಸ್ಥಿತವಾಗಿ ಬೆಳೆದಿಲ್ಲ ಎಂದರು ನ್ಯಾಯಾಧೀಶರು. ಈ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಮ್ಮ ತಾಲೂಕು ಕ್ರೀಡಾಂಗಣ. ನಮ್ಮ ಪಿರಮಿಡ್ಡೂ ಕ್ರೀಡೆಯಾಗಿರಲಿಲ್ಲ. ಖೊಖೊ, ಕಬಡ್ಡಿ ಕ್ರೀಡೆ. ಅವಕ್ಕೆ ಅಂಪೈರು, ಸೀಟಿ, ಬಿದ್ದರೆ ಹಚ್ಚಲು ಒಂದು ಬಾಟಲಿ ಟಿಂಚರು. ನಮ್ಮದು 'ಸಾಂಸ್ಕೃತಿಕ'. ಅಂಕಗಳಿದ್ದದ್ದು ವೇಷಭೂಷಣಕ್ಕೆ, ಶಿಸ್ತಿಗೆ, ವಿಷಯದ ಆಯ್ಕೆಗೆ. ಹತ್ತು ಮಕ್ಕಳು ಒಬ್ಬರ ಮೇಲೊಬ್ಬರು ಹತ್ತುವುದು ಸಂಸ್ಕೃತಿಯಾದರೆ ಹಾಸು ತರಬೇಕೆಂದು ಯಾರಿಗೆ ಹೊಳೆಯುತ್ತದೆ?

ಸ್ಪರ್ಧೆಯ ನ್ಯಾಯ ಎಂದ ಕೂಡಲೇ ನಾವು ಮಾತಾಡುವುದು ತಂಡ ಮತ್ತು ತಂಡಗಳ ನಡುವಿನ ನ್ಯಾಯ. ತೀರ್ಪುಗಾರರು ತಮ್ಮವರ ಕಡೆ ವಾಲಿದರೇ, ದೊಡ್ಡ ಮಕ್ಕಳನ್ನು ಚಿಕ್ಕವರ ವಿಭಾಗದಲ್ಲಿ ತೂರಿಸಿದರೇ, ಗಟ್ಟಿ ತಂಡವೊಂದು ಬೇಕೆಂದೇ ಕೆಳದರ್ಜೆಯಲ್ಲಿ ಹೆಸರು ಬರೆಸಿ ಗೆದ್ದಿತೇ. ಅಮೆರಿಕದ ಮಕ್ಕಳ ಚಿಯರ್ ಸ್ಪರ್ಧೆಗಳಲ್ಲಿ ಈ ಕೊನೆಯ ಜಗಳ ಯಾವಾಗಲೂ ಇದ್ದದ್ದೇ. ನಮ್ಮಲ್ಲಿ ವಯಸ್ಸಿನ ದಾಖಲೆ ತಿದ್ದುವ ಕಲೆ ಎಲ್ಲರಿಗೂ ಗೊತ್ತು. ಅದಕ್ಕಾಗಿಯೇ ಬಿಸಿಸಿಐ ಹುಡುಗರ ಮಣಿಕಟ್ಟಿನ ಎಲುಬು ನೋಡಿ ವಯಸ್ಸು ಅಳೆಯುತ್ತದೆ. ಇವೆಲ್ಲ ಮುಖ್ಯವೇ. ಆದರೆ ಇವುಗಳ ಪರಿಹಾರ ಏನೆಂದು ನಮಗೆ ಗೊತ್ತಿದೆ, ಮಾಡುವ ಮನಸ್ಸು ಬೇಕಷ್ಟೆ. ನನ್ನನ್ನು ಕಾಡುವುದು ತಂಡದ ಒಳಗಿನ ನ್ಯಾಯ. ಅದರ ಬಗ್ಗೆ ದೂರು ಕೊಡಲು ಮೇಜು ಇಲ್ಲ. ದೂರು ಕೊಟ್ಟವರು 'ತಂಡದ ಮನೋಭಾವ ಇಲ್ಲದವರು' ಆಗುತ್ತಾರೆ.

ಅಭ್ಯಾಸ ನಡೆಯುತ್ತಿದ್ದದ್ದು ಶಾಲೆಯ ಹಿಂದಿನ ಗರಸು ನೆಲದಲ್ಲಿ. ಮೂರನೆಯ ದಿನ ಎರಡನೇ ಸಾಲಿನವರು ಹತ್ತುತ್ತಿದ್ದರು. ನನ್ನ ಬೆನ್ನ ಮೇಲೆ ಒಂದು ಮಂಡಿ, ಅಂಚಿನವಳ ಬೆನ್ನ ಮೇಲೆ ಇನ್ನೊಂದು ಮಂಡಿ ಊರಿದ್ದವಳು ನನ್ನ ಜೀವದ ಗೆಳತಿ. ನನ್ನ ಬಲಮಂಡಿಯ ಕೆಳಗೆ ಒಂದು ಹರಳು ಚುಚ್ಚುತ್ತಿತ್ತು. ತಡೆಯುವಷ್ಟು ತಡೆದೆ. ಒಂದು ಬೆರಳಗಲ ಸರಿದೆ. ಅಷ್ಟೇ. ಅವಳು ಪಕ್ಕಕ್ಕೆ ಉರುಳಿದಳು. ಎರಡು ಅಡಿ ಎತ್ತರವೂ ಇರಲಿಲ್ಲ, ಆದರೆ ಕೈ ಊರಿ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು.

"ಅಕಿಗೆ ಬ್ಯಾಲೆನ್ಸ ಇಲ್ಲ" ಅಂದರು ಎಲ್ಲರೂ. ನಾನೂ ಸುಮ್ಮನೆ ತಲೆಯಾಡಿಸಿದೆ. ಪಿ.ಟಿ. ಸರ್ ಕೆಟ್ಟವರಲ್ಲ. ತಾವೇ ಆಟೊ ಮಾಡಿ ದವಾಖಾನೆಗೆ ಕರೆದುಕೊಂಡು ಹೋದರು, ದುಡ್ಡೂ ತಾವೇ ಕೊಟ್ಟರು. ಮರುದಿನ ಇನ್ನೊಬ್ಬಳು ಆ ಜಾಗಕ್ಕೆ ಬಂದಳು. ಹದಿನೈದನೇ ತಾರೀಖು ನಮಗೇ ಪ್ರಥಮ ಬಹುಮಾನ ಬಂತು. ಶೀಲ್ಡ್ ಶಾಲೆಗೆ, ಪ್ರಮಾಣಪತ್ರ ಹತ್ತು ಜನಕ್ಕೆ. ಗೆಳತಿ ಹನ್ನೊಂದನೆಯವಳು. ಪ್ರೇಕ್ಷಕರ ನಡುವೆ ಕೈಗೆ ಸಿಮೆಂಟು ಪಟ್ಟಿ ಕಟ್ಟಿಸಿಕೊಂಡು ನಿಂತಿದ್ದಳು. ಬಲಗೈಯಿಂದ ತೊಡೆ ಬಡಿದು ಚಪ್ಪಾಳೆ ಹೊಡೆಯುತ್ತಿದ್ದದ್ದು ನನಗೆ ಕಾಣಿಸಲಿಲ್ಲ, ಏಕೆಂದರೆ ನನ್ನ ಮುಖ ನೆಲದ ಕಡೆಗಿತ್ತು. ಬೇರೆಯವರು ಹೇಳಿದ್ದು.

2006ರಲ್ಲಿ ಅಮೆರಿಕದ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಹದಿನೆಂಟರ ಹುಡುಗಿಯೊಬ್ಬಳು ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರ ನಡುವೆ ಪಿರಮಿಡ್ಡಿನಿಂದ ತಲೆಕೆಳಗಾಗಿ ಬಿದ್ದಳು. ಕತ್ತಿನ ಎಲುಬು ಬಿರುಕುಬಿಟ್ಟಿತ್ತು. ಕುತ್ತಿಗೆಗೆ ಪಟ್ಟಿ ಹಾಕಿ ಸ್ಟ್ರೆಚರಿನಲ್ಲಿ ಹೊರಗೆ ಒಯ್ಯುವಾಗ ವಾದ್ಯದವರು ಕಾಲೇಜಿನ ಹಾಡು ಶುರುಮಾಡಿದರು. ಅವಳು ಮಲಗಿದಲ್ಲೇ ಎರಡೂ ಕೈಗಳಿಂದ ಆ ಕುಣಿತದ ಚಲನೆಗಳನ್ನು ಮಾಡಿದಳು. ಇಡೀ ಕ್ರೀಡಾಂಗಣ ಎದ್ದು ಚಪ್ಪಾಳೆ ತಟ್ಟಿತು, ದೇಶದ ಟಿ.ವಿ.ಗಳೆಲ್ಲ ಅವಳ ಧೈರ್ಯವನ್ನು ಕೊಂಡಾಡಿದವು. ಅವಳ ಧೈರ್ಯ ದೊಡ್ಡದೇ. ಆದರೆ ಆ ಚಪ್ಪಾಳೆ ನನಗೆ ಹೆದರಿಕೆ ಹುಟ್ಟಿಸುತ್ತದೆ. ಅದನ್ನು ನೋಡಿ ಬೆಳೆಯುವ ಹತ್ತು ವರ್ಷದ ಮಗು ಏನು ಕಲಿಯುತ್ತದೆ? ನೋವಾಗಿದೆ ಎಂದರೆ ಮೌನ, ನೋವನ್ನು ನುಂಗಿದರೆ ಚಪ್ಪಾಳೆ. ಇಷ್ಟು ಕಲಿತ ಮಗುವನ್ನು 'ಮಾಡ್ತೀಯೇನಮ್ಮಾ?' ಎಂದು ಕೇಳಿ, ಅದು 'ಹೂಂ' ಎಂದರೆ, ಅದನ್ನು ಒಪ್ಪಿಗೆ ಎನ್ನಬಹುದೇ? ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯ ಕೇಳಬೇಕೆಂದು ಅದರ 12ನೇ ವಿಧಿ ಹೇಳುತ್ತದೆ. ನಮ್ಮನ್ನೂ ಸರ್ ಕೇಳಿದ್ದರು. ಹತ್ತು ಜನರ ಮುಂದೆ ನಿಲ್ಲಿಸಿ ಕೇಳಿದ್ದರು.

ಅಮರ್ತ್ಯ ಸೇನ್ ನ್ಯಾಯದ ಬಗ್ಗೆ 2009ರಲ್ಲಿ ಬರೆದ ಪುಸ್ತಕದಲ್ಲಿ ಮೂವರು ಮಕ್ಕಳು ಮತ್ತು ಒಂದು ಕೊಳಲಿನ ಉದಾಹರಣೆ ಇದೆ. ಒಬ್ಬಳಿಗೆ ಮಾತ್ರ ಅದನ್ನು ನುಡಿಸಲು ಬರುತ್ತದೆ. ಒಬ್ಬನ ಬಳಿ ಬೇರೆ ಆಟಿಕೆಯೇ ಇಲ್ಲ. ಇನ್ನೊಬ್ಬಳು ಕಷ್ಟಪಟ್ಟು ಅದನ್ನು ಮಾಡಿದವಳು. ಕೊಳಲು ಯಾರಿಗೆ? ಮೂರೂ ಉತ್ತರಗಳಿಗೆ ಗಟ್ಟಿ ಕಾರಣಗಳಿವೆ ಎಂಬುದು ಸೇನ್ ತೋರಿಸುವ ಕಷ್ಟ. ಪಿರಮಿಡ್ಡಿನ ತುದಿಯನ್ನು ಆ ಕೊಳಲೆಂದುಕೊಂಡು ನೋಡಿದೆ. ಹಗುರವಾಗಿ ಸಮತೋಲ ಬಲ್ಲವಳಿಗೋ, ಒಮ್ಮೆಯೂ ಫೋಟೊದಲ್ಲಿ ಕಾಣದವಳಿಗೋ, ತಿಂಗಳಿಡೀ ಬೆನ್ನು ಕೊಟ್ಟವಳಿಗೋ? ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಕೊಳಲನ್ನು ಯಾರಿಗೆ ಕೊಟ್ಟರೂ ಉಳಿದಿಬ್ಬರು ಎದ್ದು ಹೋಗಬಹುದು. ತುದಿಯನ್ನು ಯಾರಿಗಾದರೂ ಕೊಡಬೇಕಾದರೆ ಉಳಿದವರು ಕದಲದೆ ಇರಲೇಬೇಕು. ಅದು ಇರುವ ವಸ್ತುವಲ್ಲ, ಇತರರು ಕ್ಷಣಕ್ಷಣವೂ ಮಾಡುತ್ತಿರುವ ವಸ್ತು. ಹಾಗಿರುವಾಗ ಸರದಿ ಹಚ್ಚಿ ಎಲ್ಲರನ್ನೂ ತುದಿಗೆ ಹತ್ತಿಸುವುದೇ ನ್ಯಾಯವೆಂದು ನನಗನ್ನಿಸುವುದಿಲ್ಲ. ನನ್ನನ್ನು ತುದಿಗೆ ಹತ್ತಿಸಿದ್ದರೆ ಒಂಬತ್ತು ಜನ ಬೀಳುತ್ತಿದ್ದರು. ನನಗೆ ತುದಿ ಬೇಕಿರಲಿಲ್ಲ. 'ಹರಳು ಚುಚ್ಚುತ್ತಿದೆ, ತಡೀರಿ' ಎನ್ನುವ ಅವಕಾಶ ಬೇಕಿತ್ತು. ಹಾಗೆ ಹೇಳಿದ ಮೇಲೂ ತಂಡದಲ್ಲಿರುವ ಅವಕಾಶ.

ಈ ಆಟಗಳನ್ನೇ ನಿಲ್ಲಿಸಿಬಿಡಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಹತ್ತು ಜನರ ಉಸಿರು ಒಂದೇ ಲಯಕ್ಕೆ ಬಂದ ಆ ಮೂರ್ನಾಲ್ಕು ಸೆಕೆಂಡು ಎಂಥ ಸುಖ ಎಂಬುದು ಬೆನ್ನು ಕೊಟ್ಟವರಿಗೇ ಗೊತ್ತು. ಇನ್ನೊಂದು ಮಾತು. 2021ರಲ್ಲಿ ನಮ್ಮದೇ ಜಿಲ್ಲೆಯ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಓಡಿತೆಂದು ಶುದ್ಧಿಯ ಖರ್ಚಿಗೆ ಅದರ ಮನೆಯವರಿಂದ ದಂಡ ಕೇಳಿದ್ದರು. ಅಂಥ ಸೀಮೆಯಲ್ಲಿ ಯಾರ ಬೆನ್ನ ಮೇಲೆ ಯಾರ ಕಾಲು ಎಂದು ಕೇಳದೆ ಹತ್ತು ಹುಡುಗಿಯರನ್ನು ಪೇರಿಸುವ ಆಟ ಸಣ್ಣದಲ್ಲ. ಕೇಳದೆ ಪೇರಿಸಿದ್ದರೇ? ತೂಕವೊಂದೇ ಸಾಲು ನಿರ್ಧರಿಸಿತ್ತೇ? ಎಂಟನೇ ತರಗತಿಯಲ್ಲಿ ಅದನ್ನು ನೋಡುವ ಕಣ್ಣು ನನಗಿರಲಿಲ್ಲ. ಈಗ ಆ ಫೋಟೊ ತೆಗೆದು ನೋಡಿದರೆ ಕೆಳಸಾಲಿನ ನಾಲ್ವರ ಮುಖವೇ ಕಾಣುವುದಿಲ್ಲ, ಬರೀ ನೆತ್ತಿ ಮತ್ತು ಬೈತಲೆ.

ಮಹಾರಾಷ್ಟ್ರದ ಮೊಸರುಗಡಿಗೆಯ ಗೋಪುರಗಳ ವಿಷಯದಲ್ಲಿ ಕೋರ್ಟುಗಳು ದಾರಿ ಹುಡುಕಿದವು. 2014ರಲ್ಲಿ ಬಾಂಬೆ ಹೈಕೋರ್ಟ್ ಹದಿನೆಂಟರ ಒಳಗಿನವರು ಬೇಡ, ಗೋಪುರ 20 ಅಡಿ ಮೀರಬಾರದು ಎಂದಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2017ರಲ್ಲಿ ವಿಷಯ ಮತ್ತೆ ಹೈಕೋರ್ಟಿಗೆ ಬಂದು, ಎತ್ತರದ ಮಿತಿ ಹೋಗಿ, ಹದಿನಾಲ್ಕರ ಒಳಗಿನ ಮಕ್ಕಳನ್ನು ಹತ್ತಿಸುವುದಿಲ್ಲವೆಂಬ ಸರ್ಕಾರದ ಭರವಸೆ ಉಳಿಯಿತು. ಹದಿನೆಂಟು, ಹದಿನಾಲ್ಕು, ಇಪ್ಪತ್ತು: ಎಲ್ಲವೂ ತುದಿಯಲ್ಲಿರುವ ಮಗುವನ್ನು ನೋಡಿ ಹುಟ್ಟಿದ ಸಂಖ್ಯೆಗಳು. ಬೇಕಾದವೇ. ಕೆಳಸಾಲಿಗೆ ಅವು ಏನನ್ನೂ ಹೇಳುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಸ್ಪೇನಿನ ಕ್ಯಾಟಲೋನಿಯಾದವರ ಲೆಕ್ಕ. ಅಲ್ಲಿ 'ಕಾಸ್ಟೆಲ್' ಎಂಬ ಮನುಷ್ಯ ಗೋಪುರಗಳ ಪರಂಪರೆ ಇದೆ, 2010ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ತುದಿಗೆ ಹತ್ತುವುದು ಅಲ್ಲಿಯೂ ಮಗುವೇ. 2006ರಲ್ಲಿ ಮತಾರೊ ಎಂಬ ಊರಿನ ತಂಡದ ಬಾಲಕಿಯೊಬ್ಬಳು ಬಿದ್ದು ಸತ್ತ ನಂತರ ಮೇಲೇರುವ ಮಕ್ಕಳಿಗೆ ಹೆಲ್ಮೆಟ್ ಬಂತು. ಹಾಗಾಗಿ ಅವರನ್ನು ಆದರ್ಶವೆಂದು ಹೇಳಲಾರೆ. ಆದರೆ ಎರಡು ಸಂಗತಿಗಳು. ಗೋಪುರದ ಬುಡದಲ್ಲಿ ನೂರಾರು ಜನ ಒತ್ತೊತ್ತಾಗಿ ನಿಂತು ಒಂದು ಗುಂಪಾಗಿರುತ್ತಾರೆ. ಭಾರ ಹಂಚಿಕೊಳ್ಳುವವರೂ ಅವರೇ, ಬಿದ್ದರೆ ಹಾಸಾಗುವವರೂ ಅವರೇ. ಎರಡನೆಯದು ಅಂಕ ಕೊಡುವ ರೀತಿ. ಮಗು ತುದಿಯಲ್ಲಿ ಕೈಯೆತ್ತಿದ ಮಾತ್ರಕ್ಕೆ ಗೋಪುರ ಪೂರ್ತಿಯಾಗುವುದಿಲ್ಲ. ಸಾಲುಸಾಲಾಗಿ ಬಿಚ್ಚಿ ಎಲ್ಲರೂ ನೆಲಕ್ಕೆ ಇಳಿದರೆ ಪೂರ್ಣ ಅಂಕ. ಇಳಿಯುವಾಗ ಕುಸಿದರೆ ಕಡಿಮೆ.

ಇಳಿಯುವುದಕ್ಕೆ ಅಂಕ! ನಮ್ಮ ಪಿರಮಿಡ್ಡು ಮುಗಿಯುತ್ತಿದ್ದದ್ದು ಬಾವುಟ ಬೀಸಿದಾಗ. ಚಪ್ಪಾಳೆ ಬಿದ್ದ ಮೇಲೆ ತುದಿಯವಳು ಧುಮುಕುತ್ತಿದ್ದಳು, ಉಳಿದವರು ಹೇಗೋ ಬಿಚ್ಚಿಕೊಳ್ಳುತ್ತಿದ್ದರು. ನನ್ನ ಬೆನ್ನಿಗೆ ಅತಿ ಹೆಚ್ಚು ನೋವಾಗುತ್ತಿದ್ದದ್ದು ಆಗಲೇ. ತೀರ್ಪುಗಾರರ ಪೆನ್ನು ಅಷ್ಟೊತ್ತಿಗೆ ಮುಚ್ಚಿರುತ್ತಿತ್ತು. ಇಳಿಯುವುದಕ್ಕೂ ಹತ್ತು ಅಂಕ ಇಟ್ಟಿದ್ದರೆ ಸರ್ ಅದನ್ನೂ ಅಭ್ಯಾಸ ಮಾಡಿಸುತ್ತಿದ್ದರು. ಹಾಸಿಗೆ ಐದು ಅಂಕ ಎಂದಿದ್ದರೆ ಹಾಸು ಬರುತ್ತಿತ್ತು. ಒಬ್ಬ ಮೇಷ್ಟ್ರ ಒಳ್ಳೆಯತನದಿಂದ ಇದು ಆಗುವುದಿಲ್ಲ. ಅವರೊಬ್ಬರೇ ಎಚ್ಚರಿಕೆಯಿಂದ ಎರಡೇ ಸಾಲು ಕಟ್ಟಿಸಿದರೆ ಪಕ್ಕದ ಶಾಲೆ ನಾಲ್ಕು ಸಾಲು ಕಟ್ಟಿ ಶೀಲ್ಡ್ ಒಯ್ಯುತ್ತದೆ, ಊರವರು ಇವರನ್ನು ಕೇಳುತ್ತಾರೆ. ಎಚ್ಚರಿಕೆ ಸೋಲಿಗೆ ಕಾರಣವಾಗುವ ಹಾಗೆ ಅಂಕಪಟ್ಟಿ ಬರೆದವರ ಹೊಣೆ ಇದು. ಆ ಪಟ್ಟಿಯನ್ನು ಎಲ್ಲೋ ಒಂದು ಮೇಜಿನ ಮೇಲೆ ಯಾರೋ ಟೈಪು ಮಾಡಿರುತ್ತಾರೆ. ಹತ್ತು ಮಕ್ಕಳ ಬೆನ್ನಿನ ಭವಿಷ್ಯ ಬರೆಯುತ್ತಿದ್ದೇವೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಇಷ್ಟೆಲ್ಲ ಬರೆದರೂ ನನ್ನ ಪಾಲು ಉಳಿದೇ ಇದೆ. ಕೆಳಸಾಲಿನವರು ಪಾಪದವರು ಎಂಬ ಕತೆ ನನಗೆ ಅನುಕೂಲದ್ದು. ಆದರೆ ಕದಲಿದವಳು ನಾನು, ತಲೆಯಾಡಿಸಿದವಳೂ ನಾನೇ. ಭಾರ ಹೊತ್ತವಳ ಕೈಯಲ್ಲಿ ಬೀಳಿಸುವ ಶಕ್ತಿಯೂ ಇರುತ್ತದೆ, ಬಿದ್ದದ್ದು ಮೇಲಿನವಳ ತಪ್ಪೆಂದೇ ಕಾಣುತ್ತದೆ. ಗಡ್ಡೆಯಿಂದ ಬಂದ ವಾರ, ಹದಿಮೂರು ಹದಿನಾಲ್ಕು ವರ್ಷಗಳ ನಂತರ, ಗೆಳತಿಗೆ ಫೋನು ಮಾಡಿ ಹೇಳಿದೆ. ಅವಳು ಮದುವೆಯಾಗಿ ಒಂದು ಹಳ್ಳಿಯಲ್ಲಿದ್ದಾಳೆ, ಎರಡನೇ ತರಗತಿ ಓದುವ ಮಗಳಿದ್ದಾಳೆ. ನಾನು ಪೀಠಿಕೆ ಹಾಕಿ, ತಡವರಿಸಿ, ಹರಳಿನ ಕತೆಯೆಲ್ಲ ಹೇಳಿ ಮುಗಿಸಿದೆ. ಅವಳು ನಕ್ಕಳು.

"ನನಗ ಅವತ್ತ ಗೊತ್ತಿತ್ತಲೇ. ನಿನ್ನ ಬೆನ್ನು ನನ್ನ ಮಣಕಾಲ ಕೆಳಗ ಇತ್ತು, ಸರಿದಿದ್ದು ಗೊತ್ತಾಗಂಗಿಲ್ಲೇನ?"

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನೂ ತಗೀತಿದ್ರು. ಇಬ್ರೂ ಹೊರಗ ನಿಂತು ಏನ್ ಮಾಡೂದು?"

ಹದಿಮೂರು ವರ್ಷದ ಹುಡುಗಿ, ಕೈ ಮುರಿದುಕೊಂಡು ಆಟೊದಲ್ಲಿ ಹೋಗುವಾಗ ಹಾಕಿದ ಲೆಕ್ಕ ಇದು. ಇದನ್ನು ನ್ಯಾಯವೆನ್ನಬೇಕೋ ಸ್ನೇಹವೆನ್ನಬೇಕೋ ನನಗೆ ತಿಳಿಯಲಿಲ್ಲ. ಏನು ಹೇಳಬೇಕೆಂದೂ ತೋಚದೆ ಫೋನು ಹಿಡಿದು ಕೂತಿದ್ದೆ. ಅವಳೇ ಮಾತು ತಿರುಗಿಸಿದಳು.

"ಹೆಂಗೂ ಫೋನ್ ಮಾಡೀದಿ, ಒಂದ್ ಮಾತ ಕೇಳ್ತೀನಿ. ನನ್ನ ಮಗಳನ್ನ ಸಾಲ್ಯಾಗ ಪಿರಮಿಡ್ಡಿಗೆ ತಗೊಂಡಾರ. ಸಣ್ಣಾಕಿ ಅಂತ ತುದಿಗೆ. ಕಳಸ್ಲೋ ಬ್ಯಾಡೋ? ನೀ ಓದಿದಾಕಿ, ಹೇಳು."

ನಾನು ಎಷ್ಟು ಸಾಲು ಕಟ್ಟುತ್ತಾರೆ, ಕೆಳಗೆ ಏನಾದರೂ ಹಾಸುತ್ತಾರೋ, ಪಕ್ಕದಲ್ಲಿ ದೊಡ್ಡವರು ನಿಲ್ಲುತ್ತಾರೋ, ಕೆಳಗಿನ ಮಕ್ಕಳು ಯಾರು, ಇಳಿಸುವುದು ಹೇಗೆ, ಇವನ್ನೆಲ್ಲ ಹೋಗಿ ಕೇಳು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಇಷ್ಟೆಲ್ಲ ಕೇಳಿದ್ರ ಅಕಿನ್ನ ತಂಡದಿಂದನ ತಗದ್ ಬಿಡ್ತಾರವಾ" ಅಂದಳು.